ಹನ್ನೊಂದಾದರೂ ಮಲಗದ ಮಗಳು, ಕೆಸರಿನ ಗುಂಡಿಯಿಂದ ಸಿಕ್ಕ ಪರಿಹಾರ

ಉಡುಪಿಯಲ್ಲಿ ಮಳೆ ಹಿಡಿದ ಮೇಲೆ ನಾಲ್ಕು ವರ್ಷದ ಮಗಳು ರಾತ್ರಿ ಹನ್ನೊಂದಾದರೂ ಮಲಗುತ್ತಿರಲಿಲ್ಲ. ಲೈಟ್ ಆಫ್ ಮಾಡಿದರೆ ಹಾಸಿಗೆ ಮೇಲೆ ಪಲ್ಟಿ, ನೀರು ಬೇಕು, ಉಚ್ಚೆ ಬಂತು, ಇನ್ನೊಂದು ಕಥೆ ಹೇಳು. ಬಿಸಿ ಹಾಲು ಕೊಟ್ಟೆ, ಬೈದೆ, ಮಧ್ಯಾಹ್ನದ ನಿದ್ದೆಯನ್ನೂ ತಪ್ಪಿಸಿದೆ. ಸಂಜೆ ರಂಪಾಟ ಜಾಸ್ತಿ ಆಯ್ತು ಅಷ್ಟೇ.

ಆಮೇಲೆ ಹೊಳೆಯಿತು, ಮಳೆ ಅಂತ ಅವಳು ಫ್ಲ್ಯಾಟ್ ಬಿಟ್ಟು ಹೊರಗೇ ಹೋಗಿಲ್ಲ ಅಲ್ವಾ! ಈ ವಯಸ್ಸಿಗೆ ದಿನಕ್ಕೆ ಕನಿಷ್ಠ 3 ಗಂಟೆ ಓಡಾಟ, 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಬರೀ ಸುಸ್ತಿನ ಮಾತಲ್ಲ, ಬೆಳಕಿನದ್ದೂ ಇದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೋಗಿ ರಾತ್ರಿ ನಿದ್ದೆಗೆ ಸಹಾಯ ಮಾಡುವ ಮೆಲಟೋನಿನ್ ಅನ್ನುವ ಹಾರ್ಮೋನ್ ಹೊತ್ತಿಗೆ ಸರಿಯಾಗಿ ಏರುತ್ತದೆ, ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾಗಿ ಬೆಳಗ್ಗೆ ಏಳೂವರೆಗೆ ರೈನ್‌ಕೋಟ್ ಹಾಕಿಸಿ ಕೆಳಗೆ ಅಂಗಳಕ್ಕೆ, ಸಂಜೆ ಮಳೆ ಬಿಟ್ಟ ಕೂಡಲೇ ಅಜ್ಜರಕಾಡಿನ ಪಾರ್ಕಿಗೆ. ಎರಡೂ ಕಾಲು ಜೋಡಿಸಿ ಕೆಸರಿನ ಗುಂಡಿಗೆ ಹಾರುತ್ತಾಳೆ, ಮನೆಗೆ ಬಂದು ನೋಡಿದರೆ ಕಿವಿಯ ಹಿಂದೆಲ್ಲ ಕೆಂಪು ಮಣ್ಣು. ಅತ್ತೆಗೆ ಶೀತದ ಚಿಂತೆ, ನನಗೆ ಬಟ್ಟೆ ಒಣಗುವುದಿಲ್ಲ ಅನ್ನುವ ಚಿಂತೆ.

ಮೊದಲ ಮೂರು ದಿನ ಏನೂ ಬದಲಾಗಲಿಲ್ಲ. ಒಂದು ವಾರದಲ್ಲಿ ಒಂಬತ್ತೂವರೆಗೆ ನಿದ್ದೆ. ಸಿಡಿಲು ಇದ್ದ ದಿನ ಹೊರಗೆ ಬಿಡುವುದಿಲ್ಲ, ಅವತ್ತು ಮತ್ತೆ ಹತ್ತೂವರೆಯ ತನಕ ಪಲ್ಟಿ.