ಬಾವಿಯ ಬಾಯಿಗೆ ಒಂದು ದಿನ: ಮಾಯಾ ಅವಶೇಷಗಳನ್ನು ಸಣ್ಣ ತಂಡದಲ್ಲಿ ನೋಡಿಬರುವ ಬಗೆ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಈಗ ಹೊಸ ಸಂಗತಿಯೇನಲ್ಲ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಐದಾರು ತಿಂಗಳು ಅಲ್ಲಿಗೆ ಹೋಗುವ ಹಿರಿಯರನ್ನು ಮಕ್ಕಳು ರಜೆಯಲ್ಲಿ ಮೆಕ್ಸಿಕೋದ ಕಾನ್‌ಕುನ್‌ಗೆ ಕರೆದೊಯ್ಯುತ್ತಾರೆ. ಮಕ್ಕಳಿಗೆ ಬೇಕಾದದ್ದು ಅಲ್ಲಿನ ಕಡಲತೀರ. ಮಂಜೇಶ್ವರದಿಂದ ಬೇಕಲದವರೆಗೆ ಕಡಲನ್ನು ಕಂಡೇ ಬೆಳೆದ ನಮಗೆ ಅದರಲ್ಲಿ ಒಂದು ದಿನಕ್ಕಿಂತ ಹೆಚ್ಚು ಮನಸ್ಸು ನಿಲ್ಲುವುದಿಲ್ಲ. ಅಂಥವರು ಒಂದು ದಿನವನ್ನು ಚಿಚೆನ್ ಇಟ್ಜಾಕ್ಕೆ, ಅಂದರೆ ಆ ನಾಡಿನ ಮೂಲನಿವಾಸಿಗಳಾದ ಮಾಯಾ ಜನರ ಹಳೆಯ ನಗರಕ್ಕೆ, ಮೀಸಲಿಡಬಹುದು. ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಎರಡು ಸಲ ಹೋದೆವು. ಮೊದಲ ಸಲ ದೊಡ್ಡ ಬಸ್ಸಿನಲ್ಲಿ ಹೋಗಿ ದಿನವನ್ನು ಹಾಳುಮಾಡಿಕೊಂಡೆವು, ಎರಡನೆಯ ಸಲ ಹನ್ನೆರಡು ಜನರ ವ್ಯಾನಿನಲ್ಲಿ ಹೋಗಿ ನೋಡಬೇಕಾದದ್ದನ್ನು ನೋಡಿದೆವು. ಮುಂದಿನ ಮಾತುಗಳೆಲ್ಲ ಆ ವ್ಯತ್ಯಾಸದಿಂದ ಕಲಿತವು.

ಮೊದಲು ವೀಸಾದ ವಿಚಾರ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಭಾರತೀಯ ಪಾಸ್‌ಪೋರ್ಟಿನಲ್ಲಿದ್ದರೆ ಪ್ರವಾಸಕ್ಕೆಂದು ಮೆಕ್ಸಿಕೋಗೆ ಹೋಗಲು ಬೇರೆ ವೀಸಾ ಬೇಕಾಗುವುದಿಲ್ಲ. ಆದರೆ ಮತ್ತೆ ಅಮೆರಿಕಕ್ಕೆ ಮರಳಬೇಕಾಗಿರುವುದರಿಂದ ಆ ವೀಸಾ ಹಲವು ಬಾರಿ ಪ್ರವೇಶಕ್ಕೆ ಅವಕಾಶ ಕೊಡುವಂಥದ್ದೇ ಎಂದು ನೋಡಿಕೊಳ್ಳಬೇಕು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಮಾಡಿಸುವ ಮುನ್ನ ಮೆಕ್ಸಿಕೋ ರಾಯಭಾರ ಕಚೇರಿಯ ಪ್ರಕಟಣೆಯನ್ನು ಒಮ್ಮೆ ಓದುವುದು ಒಳ್ಳೆಯದು.

ಎರಡನೆಯದು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ. ಕಾನ್‌ಕುನ್ ಇರುವ ಯುಕಟಾನ್ ಪರ್ಯಾಯ ದ್ವೀಪದಲ್ಲಿ ಮಾಯಾ ನಗರಗಳು ಹಲವಾರಿವೆ. ಚಿಚೆನ್ ಇಟ್ಜಾ ಕಾನ್‌ಕುನ್‌ನಿಂದ ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆಯ ಹಾದಿ. ತುಲುಮ್ ಕಡಲಂಚಿನ ಬಂಡೆಯ ಮೇಲಿರುವ, ಸುತ್ತುಗೋಡೆಯುಳ್ಳ ಚಿಕ್ಕ ಊರು. ಅರ್ಧ ದಿನ ಸಾಕು. ಕೋಬಾ ಕಾಡಿನ ನಡುವೆ ಚದುರಿಕೊಂಡಿದೆ, ಒಳಗೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ಅಲ್ಲಿನ ನೊಹೊಚ್ ಮುಲ್ ಎಂಬ ಪಿರಮಿಡ್ 42 ಮೀಟರ್ ಎತ್ತರವಿದೆ. ಉಷ್‌ಮಲ್ ನನ್ನ ದೃಷ್ಟಿಯಲ್ಲಿ ಕೆತ್ತನೆಯ ಮಟ್ಟಿಗೆ ಎಲ್ಲಕ್ಕಿಂತ ಚೆಂದ, ಆದರೆ ಅದು ಮೆರಿಡಾ ನಗರದಿಂದ ದಕ್ಷಿಣಕ್ಕಿದೆ. ಕಾನ್‌ಕುನ್‌ನಲ್ಲಿ ಉಳಿದವರು ಒಂದೇ ದಿನದಲ್ಲಿ ಹೋಗಿಬರುವ ಆಸೆಯನ್ನು ಬಿಡಬೇಕು. ಒಂದೇ ದಿನದಲ್ಲಿ ಮೂರು ಸ್ಥಳ ತೋರಿಸುತ್ತೇವೆ ಎನ್ನುವ ಪ್ರವಾಸಗಳೂ ಉಂಟು. ಅವುಗಳಲ್ಲಿ ನೋಡಲು ಸಿಗುವುದು ಮುಖ್ಯವಾಗಿ ಹೆದ್ದಾರಿ. ಮೊದಲ ಬಾರಿ ಹೋಗುವವರು ಚಿಚೆನ್ ಇಟ್ಜಾ, ಅದರ ಹತ್ತಿರದ ಒಂದು ಸೆನೋಟೆ (ನೆಲ ಕುಸಿದು ತೆರೆದುಕೊಂಡ ನೀರಿನ ಗುಂಡಿ), ವಯಾಡೊಲಿಡ್ ಪಟ್ಟಣದಲ್ಲಿ ಊಟ, ಇಷ್ಟಕ್ಕೆ ನಿಲ್ಲಿಸಿದರೆ ದಿನ ಹದವಾಗಿ ತುಂಬುತ್ತದೆ.

ಇನ್ನು ತಂಡದ ಆಯ್ಕೆ. ನಮ್ಮ ಮೊದಲ ಪ್ರವಾಸದಲ್ಲಿ ಬಸ್ಸು ಒಂದೊಂದೇ ಹೋಟೆಲಿನ ಮುಂದೆ ನಿಂತು ಜನರನ್ನು ಹತ್ತಿಸಿಕೊಳ್ಳುವುದರಲ್ಲಿ ಒಂದೂವರೆ ಗಂಟೆ ಕಳೆಯಿತು. ಬಳಿಕ ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ ‘ಇಪ್ಪತ್ತು ನಿಮಿಷ’ ಎಂದು ಇಳಿಸಿದವರು ಒಂದು ಗಂಟೆ ಕೂರಿಸಿದರು. ಅವಶೇಷಗಳ ಬಾಗಿಲಿಗೆ ಮುಟ್ಟುವಾಗ ನಡುಮಧ್ಯಾಹ್ನ, ಟಿಕೆಟಿನ ಸಾಲು ಬೀದಿಯವರೆಗೆ. ಒಳಗೆ ನಮಗೆ ಸಿಕ್ಕಿದ್ದು ಒಂದು ಗಂಟೆ ಮತ್ತು ಸ್ವಲ್ಪ. ಬೇಸಗೆಯ ಎರಡು ಗಂಟೆಯ ಬಿಸಿಲಿಗೆ ನೆಂಟರನ್ನು ಬೇಕಲ ಕೋಟೆಗೆ ಕರೆದೊಯ್ದವರಿಗೆ ಆ ಪಾಡು ವಿವರಿಸಬೇಕಾಗಿಲ್ಲ. ಆದ್ದರಿಂದ ದುಡ್ಡು ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಬರಹದಲ್ಲೇ ಕೇಳಿ ಉತ್ತರವನ್ನು ಇಟ್ಟುಕೊಳ್ಳಬೇಕು. ವಾಹನದಲ್ಲಿ ಒಟ್ಟು ಎಷ್ಟು ಜನ, ಅವಶೇಷಗಳ ಬಾಗಿಲಿಗೆ ಎಷ್ಟು ಗಂಟೆಗೆ ತಲುಪುತ್ತೀರಿ, ಒಳಗೆ ಎಷ್ಟು ಹೊತ್ತು ಕೊಡುತ್ತೀರಿ, ಮಾರ್ಗದರ್ಶಿ ಒಳಗೂ ಬರುತ್ತಾರೋ ಅಥವಾ ವಾಹನದಲ್ಲಿ ಮಾತಾಡಿ ಮುಗಿಸುತ್ತಾರೋ, ದಾರಿಯಲ್ಲಿ ಅಂಗಡಿಗೆ ನಿಲ್ಲಿಸುತ್ತೀರಾ? ಒಳಗೆ ಎರಡೂವರೆ ಗಂಟೆಗಿಂತ ಕಡಿಮೆ ಕೊಡುವವರನ್ನು ಬಿಟ್ಟುಬಿಡಿ. ಜಾಹೀರಾತಿನ ಬೆಲೆ ತೀರ ಅಗ್ಗವಾಗಿ ಕಂಡರೆ ಪ್ರವೇಶಶುಲ್ಕ ಅದರಲ್ಲಿ ಸೇರಿಲ್ಲವೆಂದೇ ತಿಳಿಯಬಹುದು. ಚಿಚೆನ್ ಇಟ್ಜಾದಲ್ಲಿ ಆ ಶುಲ್ಕ ಎರಡು ಪಾಲು, ಒಂದು ಕೇಂದ್ರ ಸರಕಾರಕ್ಕೆ, ಇನ್ನೊಂದು ಯುಕಟಾನ್ ರಾಜ್ಯಕ್ಕೆ. ವಿದೇಶೀಯರಿಗೆ ಎರಡೂ ಸೇರಿ ಸಣ್ಣ ಮೊತ್ತವೇನಲ್ಲ.

ದಿನ ಆರಿಸುವಾಗ ಆದಿತ್ಯವಾರವನ್ನು ತಪ್ಪಿಸಿ. ಆ ದಿನ ಮೆಕ್ಸಿಕೋದ ನಾಗರಿಕರಿಗೆ ಕೇಂದ್ರದ ಶುಲ್ಕವಿಲ್ಲದ ಕಾರಣ ಜನ ಕಿಕ್ಕಿರಿದಿರುತ್ತಾರೆ. ನವೆಂಬರಿನಿಂದ ಮಾರ್ಚಿನವರೆಗಿನ ತಿಂಗಳುಗಳು ಹಿತವಾಗಿರುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳ ಸೆಕೆ ನಮ್ಮೂರಿನದೇ ಜಾತಿಯದು. ಜೂನ್‌ನಿಂದ ಮಳೆ, ಜೊತೆಗೆ ಚಂಡಮಾರುತದ ಕಾಲ.

ಗಡಿಯಾರದ ಒಂದು ತೊಡಕನ್ನು ಬಹಳ ಜನ ಗಮನಿಸುವುದಿಲ್ಲ. ಕಾನ್‌ಕುನ್ ಇರುವುದು ಕಿಂತಾನಾ ರೂ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಇರುವುದು ಯುಕಟಾನ್ ರಾಜ್ಯದಲ್ಲಿ. ಎರಡನೆಯದರ ಸಮಯ ಒಂದು ಗಂಟೆ ಹಿಂದೆ. ಬಾಗಿಲು ಅಲ್ಲಿನ ಎಂಟು ಗಂಟೆಗೆ ತೆರೆದಾಗ ಕಾನ್‌ಕುನ್‌ನಲ್ಲಿ ಒಂಬತ್ತಾಗಿರುತ್ತದೆ. ಇದು ಹೋಗುವವರಿಗೆ ಅನುಕೂಲವೇ: ಬೆಳಿಗ್ಗೆ ಆರೂಕಾಲಕ್ಕೆ ಹೊರಟ ಸಣ್ಣ ವ್ಯಾನು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಲ್ಲದು, ದೊಡ್ಡ ಬಸ್ಸುಗಳು ಬರುವುದರೊಳಗೆ ಎರಡು ಗಂಟೆ ನಿಮ್ಮದಾಗುತ್ತದೆ. ಮಾರ್ಗದರ್ಶಿ ಸಮಯ ಹೇಳಿದಾಗ ಯಾವ ಊರಿನ ಸಮಯ ಎಂದು ಕೇಳಿಕೊಳ್ಳುವುದನ್ನು ಮರೆಯಬಾರದು. ಮೊಬೈಲ್ ತಾನಾಗಿ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ.

ಚೀಲದಲ್ಲಿ ಹೆಚ್ಚೇನೂ ಬೇಡ. ತೆಳು ಹತ್ತಿ ಬಟ್ಟೆ, ಹಿಡಿತವುಳ್ಳ ಚಪ್ಪಲಿ ಅಥವಾ ಬೂಟು, ನೀರು, ಟೊಪ್ಪಿ ಅಥವಾ ಕೊಡೆ, ಬದಲಿ ಬಟ್ಟೆ, ಒಂದು ಟವಲು, ಮತ್ತು ಚಿಲ್ಲರೆ ಪೆಸೊ. ಡಾಲರನ್ನು ಅಲ್ಲಿನವರು ತೆಗೆದುಕೊಳ್ಳುತ್ತಾರೆ, ಆದರೆ ಅವರಿಗೆ ತೋಚಿದ ದರದಲ್ಲಿ. ಡ್ರೋನ್ ನಿಷಿದ್ಧ; ಕ್ಯಾಮರಾದ ಮೂರುಕಾಲಿನ ಸ್ಟ್ಯಾಂಡಿಗೆ ಒಳಗೆ ಅವಕಾಶ ಸಿಗುವುದು ಕಷ್ಟ.

ಒಳಗೆ ಹೋದೊಡನೆ ಮರಗಳ ನೆರಳು ಮುಗಿದು ವಿಶಾಲ ಬಯಲಿನ ನಡುವೆ ಗರಿಗಳುಳ್ಳ ಹಾವಿನ ರೂಪದ ದೇವರಾದ ಕುಕುಲ್ಕಾನನ ಪಿರಮಿಡ್ ಕಾಣುತ್ತದೆ. ಸ್ಪೇನಿನವರು ಅದನ್ನು ಕೋಟೆ ಎಂಬ ಅರ್ಥದಲ್ಲಿ ಎಲ್ ಕಾಸ್ಟಿಯೊ ಎಂದರು. ಅದು ಕೋಟೆಯಲ್ಲ, ಗುಡಿ. ಎತ್ತರ ಸುಮಾರು 30 ಮೀಟರ್, ಒಂಬತ್ತು ಅಂತಸ್ತು. ನಾಲ್ಕು ಕಡೆಯಲ್ಲೂ 91 ಮೆಟ್ಟಿಲುಗಳಿವೆ. ಕೂಡಿಸಿ ಮೇಲಿನ ಗುಡಿಯ ಒಂದು ಹಂತವನ್ನು ಸೇರಿಸಿದರೆ 365. ಮಾಯಾ ಜನರ ಒಂದು ಪಂಚಾಂಗದಲ್ಲಿ ತಲಾ 20 ದಿನಗಳ 18 ತಿಂಗಳು, ಕೊನೆಗೆ ಉಳಿದ 5 ದಿನ. ಅವರ ಲೆಕ್ಕ ನಡೆಯುವುದು ಇಪ್ಪತ್ತರ ಮೇಲೆ, ಸೊನ್ನೆಗೂ ಅವರಲ್ಲಿ ಗುರುತಿತ್ತು. ರಾಷ್ಟ್ರಕೂಟ ನೃಪತುಂಗ ಮಾನ್ಯಖೇಟದಲ್ಲಿ ಆಳುತ್ತಿದ್ದ 9ನೆಯ ಶತಮಾನದಲ್ಲಿ ಈ ಊರು ದೊಡ್ಡದಾಗಿ ಬೆಳೆಯುತ್ತಿತ್ತು ಎಂದು ನೆನೆದುಕೊಂಡರೆ ಕಾಲದ ಅಂದಾಜು ಸುಲಭವಾಗಿ ಸಿಗುತ್ತದೆ.

ಪಿರಮಿಡನ್ನು ಹತ್ತಲು ಈಗ ಬಿಡುವುದಿಲ್ಲ. ಊರಿಗೆ ಬಂದಮೇಲೆ ನೆರೆಯ ತೋಟದವರು, “ಭಾವ, ಹತ್ತಲು ಬಿಡದಿದ್ದರೆ ಅಷ್ಟು ದೂರ ಹೋಗುವುದು ಯಾಕೆ?” ಎಂದು ಕೇಳಿದ್ದರು. ಮಂಡಿನೋವಿನ ನನಗೆ ಅದರಿಂದ ನಷ್ಟವಾಗಲಿಲ್ಲ. ನೆಲವೆಲ್ಲ ಸಮತಟ್ಟು, ನಿಧಾನವಾಗಿ ನಡೆಯುವವರಿಗೆ ಹೇಳಿಮಾಡಿಸಿದಂತಿದೆ. ಉತ್ತರದ ಮೆಟ್ಟಿಲುಗಳ ಎದುರು ಸ್ವಲ್ಪ ದೂರ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ ನೋಡಿ: ಮರುದನಿ ಚಪ್ಪಾಳೆಯಂತಿರದೆ ಹಕ್ಕಿ ಚಿಲಿಪಿಲಿಗುಟ್ಟಿದಂತೆ ಇಳಿದುಬರುತ್ತದೆ. ಅಲ್ಲಿಯೇ ಮೆಟ್ಟಿಲಿನ ಬುಡದಲ್ಲಿ ಬಾಯ್ದೆರೆದ ಹಾವಿನ ತಲೆಗಳಿವೆ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ, ಅಂದರೆ ಹಗಲು ರಾತ್ರಿ ಸಮನಾಗುವ ದಿನದ, ಸಂಜೆ ಅಂತಸ್ತುಗಳ ನೆರಳು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಬಿದ್ದು, ಬಿಸಿಲಿನ ತ್ರಿಕೋನಗಳ ಸಾಲೊಂದು ಹಾವಿನಂತೆ ಆ ತಲೆಯವರೆಗೆ ಇಳಿಯುತ್ತದೆ. ಆ ದಿನವೇ ಹೋಗಬೇಕೆಂದು ಹಟ ಹಿಡಿಯಬೇಡಿ. ಕಾಣುವುದು ಮುಂದಿನವರ ಬೆನ್ನು.

ಚೆಂಡಾಟದ ಅಂಗಣಕ್ಕೆ ಅರ್ಧ ಗಂಟೆಯಾದರೂ ಕೊಡಿ. ಉದ್ದ 168 ಮೀಟರ್, ಅಗಲ 70 ಮೀಟರ್. ಎರಡು ಬದಿಯ ಗೋಡೆಗಳಲ್ಲಿ ಆರು ಮೀಟರಿಗೂ ಮೇಲೆ ಒಂದೊಂದು ಕಲ್ಲಿನ ಬಳೆ. ಆಟದ ಚೆಂಡು ಗಟ್ಟಿ ರಬ್ಬರಿನದು. ರಬ್ಬರ್ ತೋಟದವರು ಇಲ್ಲಿ ಕಿವಿ ನಿಮಿರಿಸಬಹುದು: ನಮ್ಮಲ್ಲಿ ಹಾಲು ಕೀಸುವ ಮರ ಅಮೆಜಾನಿನದು, ಇವರು ಬಳಸುತ್ತಿದ್ದದ್ದು ಬೇರೆ ಜಾತಿಯ ಮರದ ಹಾಲು, ಅದನ್ನು ಒಂದು ಬಳ್ಳಿಯ ರಸ ಬೆರೆಸಿ ಪುಟಿಯುವಂತೆ ಮಾಡುತ್ತಿದ್ದರು.

ಬಹುತೇಕ ತಂಡಗಳು ಇಲ್ಲಿಂದ ಹಿಂದಿರುಗುತ್ತವೆ. ನೀವು ಹಿಂದಿರುಗಬಾರದು. ಪಿರಮಿಡಿನಿಂದ ಉತ್ತರಕ್ಕೆ ಮಾಯಾ ಜನರು ಕಟ್ಟಿದ ಬಿಳಿಕಲ್ಲಿನ ಹಾದಿಯೊಂದು ಸುಮಾರು 300 ಮೀಟರ್ ಸಾಗಿ ಪವಿತ್ರ ಸೆನೋಟೆಯ ಅಂಚಿಗೆ ಮುಟ್ಟುತ್ತದೆ. ಊರಿನ ಹೆಸರಿನ ಅರ್ಥವೇ ‘ಇಟ್ಜಾ ಜನರ ಬಾವಿಯ ಬಾಯಲ್ಲಿ’ ಎಂದು. ಚಿ ಎಂದರೆ ಬಾಯಿ, ಚೆನ್ ಎಂದರೆ ಬಾವಿ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದನ್ನು ಸುರಂಗ ಎಂದೂ ಅದರ ತುದಿಯನ್ನು ಸುರಂಗದ ಬಾಯಿ ಎಂದೂ ಕರೆಯುವ ನಮಗೆ ಈ ಮಾತಿಗೆ ಅನುವಾದ ಬೇಕಿಲ್ಲ.

ಆ ನಾಡಿನಲ್ಲಿ ಹೊಳೆಗಳಿಲ್ಲ. ನೆಲವೆಲ್ಲ ಸುಣ್ಣಕಲ್ಲು, ಬಿದ್ದ ಮಳೆ ಇಂಗಿ ಕೆಳಗೆ ಹರಿಯುತ್ತದೆ, ಒಳಗಿನ ಗುಹೆಯ ಮಾಡು ಕುಸಿದಲ್ಲಿ ನೀರು ತೆರೆದುಕೊಳ್ಳುತ್ತದೆ. ಹಾಗೆ ತೆರೆದುಕೊಂಡದ್ದೇ ಸೆನೋಟೆ. ನಮ್ಮ ಗುಡ್ಡಗಳಲ್ಲಿ ಮುರಕಲ್ಲು ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ಒಬ್ಬನೇ ಬಗ್ಗಿ ಹೋಗುವಷ್ಟು ಅಗಲಕ್ಕೆ ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆದು, ಒಸರಿದ ನೀರನ್ನು ಅಡಿಕೆ ದಂಬೆಯಲ್ಲಿ ಹೊರಕ್ಕೆ ತರುತ್ತೇವೆ. ಅಲ್ಲಿ ನೆಲವೇ ಬಾಯಿ ಬಿಟ್ಟಿತು, ಇಲ್ಲಿ ನಾವು ಬಾಯಿ ತೋಡಿದೆವು. ಪವಿತ್ರ ಸೆನೋಟೆ ಸುಮಾರು 60 ಮೀಟರ್ ಅಗಲದ ವೃತ್ತ, ಕಡಿದಾದ ಗೋಡೆ, ತಳದಲ್ಲಿ ಹಸಿರು ನೀರು. ಅದು ಕುಡಿಯುವ ನೀರಿನದಲ್ಲ, ಹರಕೆಯದು: 20ನೆಯ ಶತಮಾನದ ಆರಂಭದಲ್ಲಿ ಕೆಸರೆತ್ತಿದಾಗ ಚಿನ್ನ, ಹಸಿರು ಜೇಡ್ ಶಿಲೆ, ಧೂಪ, ಮನುಷ್ಯರ ಎಲುಬು ಸಿಕ್ಕಿದವು. ದೊಡ್ಡ ಪಿರಮಿಡಿನ ಕೆಳಗೂ ನೀರಿನ ಪೊಳ್ಳೊಂದು ಇರುವುದನ್ನು ಮೆಕ್ಸಿಕೋದ ವಿಜ್ಞಾನಿಗಳು 2015ರಲ್ಲಿ ತಿಳಿಸಿದರು. ಈ ಅಂಚಿನಲ್ಲಿ ನಿಂತ ಮೇಲೆಯೇ ಊರು ಇಲ್ಲೇ ಏಕೆ ಬೆಳೆಯಿತು ಎಂಬುದು ನನಗೆ ಹೊಳೆದದ್ದು.

ಮುಳುಗು ಹಾಕಲು ಬೇರೆ ಸೆನೋಟೆಗಳಿವೆ. ಹತ್ತಿರದ ಇಕ್ ಕಿಲ್ ಪ್ರಸಿದ್ಧ, ನೀರಿನ ಮಟ್ಟ ನೆಲದಿಂದ ಸುಮಾರು 26 ಮೀಟರ್ ಕೆಳಗೆ. ಮೆಟ್ಟಿಲುಗಳು ಒದ್ದೆಯಾಗಿ ಜಾರುತ್ತವೆ, ಮಧ್ಯಾಹ್ನ ಗದ್ದಲ. ಇಳಿಯುವ ಮುನ್ನ ಮೈತೊಳೆದುಕೊಳ್ಳಲೇಬೇಕು. ಬಿಸಿಲಿನ ಕ್ರೀಮು, ಸೊಳ್ಳೆಯ ಎಣ್ಣೆ ಹಚ್ಚಿಕೊಂಡು ನೀರಿಗಿಳಿಯುವಂತಿಲ್ಲ, ಏಕೆಂದರೆ ಆ ನೀರು ಕೆಳಗೆ ಇನ್ನೊಬ್ಬರ ಬಾವಿಗೆ ಹೋಗುತ್ತದೆ. ಈಜು ಬಲ್ಲವರೂ ಲೈಫ್ ಜಾಕೆಟ್ ಹಾಕಿಕೊಳ್ಳುವುದು ಲೇಸು. ದಡವೆಂಬುದು ಇಲ್ಲ, ಮೊದಲ ಹೆಜ್ಜೆಯೇ ಆಳಕ್ಕೆ.

ಸಸ್ಯಾಹಾರಿಗಳು ಊಟದ ಮಾತನ್ನು ಹಿಂದಿನ ದಿನವೇ ತಿಳಿಸಬೇಕು. ಮಾಂಸ ಬೇಡ ಎಂದರೆ ಕೋಳಿ ತಂದಿಡುವುದುಂಟು. ಬೀನ್ಸಿನ ಪಲ್ಯದಲ್ಲಿ ಹಂದಿಯ ಕೊಬ್ಬು ಇರುತ್ತದೆ. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ’, ಅಂದರೆ ಮಾಂಸ, ಕೋಳಿ, ಮೀನು, ಹಂದಿಕೊಬ್ಬು ಇಲ್ಲದೆ, ಎಂದು ಚೀಟಿಯಲ್ಲಿ ಬರೆದು ತೋರಿಸಿದರೆ ಕೆಲಸವಾಗುತ್ತದೆ. ಮೆಕ್ಕೆಜೋಳದ ತೆಳು ರೊಟ್ಟಿಯಾದ ತೋರ್ತಿಯಾ ನಂಬಬಹುದಾದದ್ದು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬುತ್ತಾರೆ ಎಂದು ತಿಳಿದಾಗ ನನ್ನ ಹೆಂಡತಿ ಎಲೆಅಡಿಕೆಯ ಡಬ್ಬಿಯನ್ನು ನೋಡಿ ನಕ್ಕಳು. ಹುರಿದ ಕುಂಬಳ ಬೀಜ, ಟೊಮೆಟೊ ಸೇರಿಸಿ ಅರೆದ ಸಿಕಿಲ್ ಪಾಕ್ ಗಟ್ಟಿ ಚಟ್ನಿಯಂತಿದ್ದು ನಮ್ಮ ನಾಲಗೆಗೆ ಹಿಡಿಸುತ್ತದೆ. ಹಬನೇರೊ ಮೆಣಸನ್ನು ಮಾತ್ರ ಗಾಂಧಾರಿ ಮೆಣಸು ತಿಂದ ಧೈರ್ಯದಲ್ಲಿ ಬಾಯಿಗೆ ಹಾಕಬೇಡಿ.

ಮಾರ್ಗದರ್ಶಿ ಮಾಯಾ ಮನೆತನದವರಾಗಿದ್ದರೆ ‘ನಿಮ್ಮ ಜನ ಕಾಣೆಯಾದದ್ದು ಹೇಗೆ’ ಎಂದು ಕೇಳುವ ತಪ್ಪನ್ನು ಮಾಡಬೇಡಿ. ಲಕ್ಷಾಂತರ ಜನ ಇಂದಿಗೂ ಮನೆಯಲ್ಲಿ ಮಾಯಾ ಭಾಷೆಯನ್ನಾಡುತ್ತಾರೆ. ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂಬ ಅವರ ಮಾತು ಕಾಸರಗೋಡಿನವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಮಾರ್ಗದರ್ಶಿಗೆ ನಾನು ಚೀಟಿಯ ಹಿಂಬದಿಯಲ್ಲಿ ಸುರಂಗದ ಚಿತ್ರ ಬರೆದು ತೋರಿಸಿದೆ. ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ದಿನದ ಕೊನೆಗೆ ಮಾರ್ಗದರ್ಶಿಗೂ ಚಾಲಕರಿಗೂ ಬೇರೆಬೇರೆಯಾಗಿ ಭಕ್ಷೀಸು ಕೊಡುವುದು ಅಲ್ಲಿನ ವಾಡಿಕೆ.

ಹಿಂದಿರುಗುವಾಗ ರಾಜ್ಯದ ಗಡಿ ದಾಟಿದೊಡನೆ ಬೆಳಿಗ್ಗೆ ಸಿಕ್ಕಿದ್ದ ಆ ಒಂದು ಗಂಟೆ ಮರಳಿ ಹೋಗುತ್ತದೆ. ಹೋಟೆಲು ಮುಟ್ಟುವಾಗ ರಾತ್ರಿ ಏಳೋ ಎಂಟೋ ಆಗಬಹುದು. ಆ ರಾತ್ರಿಗೆ ವಿಮಾನದ ಟಿಕೆಟ್ ಮಾಡಿಸಬೇಡಿ.