ಹಸು ಹೋದ ಮೇಲೆ ಕೆಟ್ಟುಹೋದ ಬೆಳಗು

ನಮ್ಮ ಮನೆಯ ಕೊನೆಯ ಹಸುವನ್ನು ಸೋದರತ್ತೆಯ ಮಗ ಪಿಕಪ್ ಗಾಡಿಗೆ ಹತ್ತಿಸಿಕೊಂಡು ಕೊಪ್ಪದ ಕಡೆಗೆ ಹೋದದ್ದು 2019ರ ಮಾರ್ಚ್‌ನಲ್ಲಿ. ಮಲೆನಾಡು ಗಿಡ್ಡ ತಳಿಯ ಹಸು. ಹೊತ್ತಿಗೆ ಒಂದು ಲೀಟರ್ ಹಾಲು ಕೊಟ್ಟರೆ ಅದೇ ಹಬ್ಬ. ಅಮ್ಮನಿಗೆ ಮಂಡಿನೋವು ಬಂದ ಮೇಲೆ ನಾಲ್ಕು ವರ್ಷ ಅದನ್ನು ಕರೆದವನು ನಾನೇ. ಬೆಳಿಗ್ಗೆ ಐದೂವರೆಗೆ ಅದು ಒಮ್ಮೆ ಅಂಬಾ ಎನ್ನುತ್ತಿತ್ತು, ಆರರ ತನಕ ನಾನು ಕೊಟ್ಟಿಗೆಗೆ ಹೋಗದಿದ್ದರೆ ಕೇರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಹಸು ಇರುವವನು ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯುವಂತಿಲ್ಲ. ಅದು ಹೋದ ದಿನ ಬೇಸರವಾಯಿತು, ನಿಜ. ಆದರೆ ಇನ್ನು ಮೇಲೆ ಕಣ್ಣು ತುಂಬ ನಿದ್ದೆ ಮಾಡಬಹುದು ಎಂಬ ಸಮಾಧಾನವೂ ಇತ್ತು.

ಆದದ್ದು ತಿರುಗುಮುರುಗು. ಮೊದಲ ತಿಂಗಳು ಆರೂವರೆಗೆ ಏಳುತ್ತಿದ್ದವನು ಯುಗಾದಿ ಕಳೆದ ಮೇಲೆ ಏಳಕ್ಕೆ, ಮಳೆ ಹಿಡಿದ ಮೇಲೆ ಎಂಟಕ್ಕೆ ಏಳತೊಡಗಿದೆ. ಒಂಬತ್ತು ಗಂಟೆ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದರೂ ಎದ್ದಾಗ ನೆನೆದ ಕಂಬಳಿಯನ್ನು ತಲೆಯ ಮೇಲೆ ಹೊದ್ದುಕೊಂಡ ಹಾಗಿರುತ್ತಿತ್ತು. ಎರಡು ಲೋಟ ಕಾಫಿ ಕುಡಿಯುವ ತನಕ ಯಾರಾದರೂ ಮಾತನಾಡಿಸಿದರೆ ಸಿಡುಕು. ಹನ್ನೊಂದಕ್ಕೆ ತೋಟಕ್ಕೆ ಹೋಗಿ ಒಂದಕ್ಕೆ ಮರಳಿ, ಊಟ ಮಾಡಿ ಜಗಲಿಯಲ್ಲಿ ಅಡ್ಡಾದರೆ ಮೂರೂವರೆಯವರೆಗೆ ಎಚ್ಚರವಿಲ್ಲ. ರಾತ್ರಿ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಆಗ ಕೈಗೆ ಬರುತ್ತಿದ್ದದ್ದು ಮೊಬೈಲ್, ಮೊಬೈಲಿನಲ್ಲಿ ಅಡಿಕೆ ಧಾರಣೆ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು. ಕ್ವಿಂಟಲ್‌ಗೆ ಐನೂರು ರೂಪಾಯಿ ಇಳಿದಿದೆ ಎಂದು ರಾತ್ರಿ ಹನ್ನೊಂದಕ್ಕೆ ತಿಳಿದು ಮಾಡುವುದಾದರೂ ಏನು? ಆದರೂ ನೋಡುತ್ತಿದ್ದೆ. ಇಳಿದಿದ್ದರೆ ಚಿಂತೆಯಿಂದ ನಿದ್ದೆ ಇಲ್ಲ, ಏರಿದ್ದರೆ ಹೋದ ವಾರವೇ ಮಾರಿಬಿಟ್ಟೆನಲ್ಲ ಎಂದು ನಿದ್ದೆ ಇಲ್ಲ.

ಹೀಗೆ ಎರಡು ವರ್ಷ ಹೋಯಿತು. ಅಶ್ವಗಂಧದ ಪುಡಿ ತಿಂದೆ. ಅಲಾರಂ ಗಡಿಯಾರವನ್ನು ಮಂಚದಿಂದ ದೂರ ಕಿಟಕಿಯ ಹತ್ತಿರ ಇಟ್ಟೆ. ಎದ್ದು ಹೋಗಿ ಅದರ ತಲೆಗೆ ಕುಟ್ಟಿ ಮತ್ತೆ ಬಂದು ಮಲಗುವ ವಿದ್ಯೆ ನಾಲ್ಕೇ ದಿನದಲ್ಲಿ ಸಿದ್ಧಿಸಿತು. ಕೊನೆಗೆ ಹೆಂಡತಿಯೇ ಶಿವಮೊಗ್ಗದ ಒಬ್ಬ ವೈದ್ಯರ ಬಳಿ ಕರೆದುಕೊಂಡು ಹೋದಳು.

ಅವರು ರಕ್ತ ಪರೀಕ್ಷೆ ಮಾಡಿಸಿದರು: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12. ಎಲ್ಲವೂ ಸರಿಯಾಗಿತ್ತು. ಅಷ್ಟಕ್ಕೆ ಬಿಡದೆ ಹೆಂಡತಿಯ ಕಡೆಗೆ ತಿರುಗಿ, "ಇವರು ಗೊರಕೆ ಹೊಡೆಯುತ್ತಾರೆಯೆ? ಹೊಡೆಯುವಾಗ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆಯೆ?" ಎಂದು ಕೇಳಿದರು. ನೆಗಡಿಯಾದಾಗ ಗೊರಕೆ ಇದೆ, ಉಸಿರು ನಿಂತದ್ದು ಕಂಡಿಲ್ಲ ಎಂದಳು. ಹಾಗೆ ಉಸಿರು ಕಟ್ಟುವವರಿಗೆ ನಿದ್ದೆ ರಾತ್ರಿಯಿಡೀ ತುಂಡುತುಂಡಾಗುತ್ತದೆ, ಹತ್ತು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ, ಅದಕ್ಕೆ ಪರೀಕ್ಷೆಯೂ ಚಿಕಿತ್ಸೆಯೂ ಬೇರೆಯೇ ಇವೆ ಎಂದರು. ನಾನು ಮುಂದೆ ಬರೆಯುವುದು ಅಂಥವರಿಗೆ ಉಪಯೋಗಕ್ಕೆ ಬಾರದು. ಜೋರು ಗೊರಕೆ ಇದ್ದು, ಹಗಲು ಬಸ್ಸಿನಲ್ಲಿ ಕುಳಿತ ಕೂಡಲೇ ತೂಕಡಿಸುವವರು ಮೊದಲು ವೈದ್ಯರನ್ನು ಕಾಣಲಿ.

ಆಮೇಲೆ ಅವರು ಕೇಳಿದ ಪ್ರಶ್ನೆ ಸಣ್ಣದು: "ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?"

ಆರೂವರೆ, ಏಳೂವರೆ, ಒಮ್ಮೊಮ್ಮೆ ಎಂಟೂಕಾಲು ಎಂದು ತಡವರಿಸಿದೆ. "ಮೊದಲು?" ಐದೂವರೆ ಎಂದೆ, ಯೋಚಿಸದೆಯೇ. ಏಕೆ ಎಂದು ಕೇಳಿದರು. ಹಸು ಇತ್ತು ಎಂದೆ. ಅವರು ನಗುತ್ತಾ ಔಷಧ ಚೀಟಿಯನ್ನು ಖಾಲಿಯಾಗಿಯೇ ಮಡಚಿಟ್ಟರು.

ಊರಿಗೆ ಬರುವ ದಾರಿಯಲ್ಲಿ, ಗಾಜನೂರು ದಾಟುವುದರೊಳಗೆ, ನನ್ನ ಪ್ರತಿಜ್ಞೆ ಸಿದ್ಧವಾಗಿತ್ತು: ನಾಳೆಯಿಂದ ಬ್ರಾಹ್ಮೀ ಮುಹೂರ್ತ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಅದು ಶುರುವಾಗುತ್ತದೆ. ನಮ್ಮಲ್ಲಿ ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಆರರ ಆಸುಪಾಸಿಗೆ, ಅಂದರೆ ನಾಲ್ಕೂವರೆಗೆ ಏಳಬೇಕು. ಎದ್ದೆ ಕೂಡ. ಆದರೆ ಮಲಗುವುದು ಮಾತ್ರ ಹಳೆಯ ಹನ್ನೆರಡಕ್ಕೇ. ಒಂಬತ್ತನೆಯ ದಿನ ತೋಟದ ಕಾಲುವೆಯ ಸಂಕದ ಮೇಲೆ ನಿಂತಿದ್ದಾಗಲೇ ಕಣ್ಣು ಮುಚ್ಚಿ, ಒಂದು ಕಾಲು ನೀರಿಗಿಳಿಯಿತು. ಅಲ್ಲಿಗೆ ಮುಹೂರ್ತ ಮುಗಿಯಿತು. ಬೇಗ ಮಲಗುವ ವ್ರತವಿಲ್ಲದೆ ಬೇಗ ಏಳುವ ವ್ರತ ಹಿಡಿದದ್ದೇ ತಪ್ಪು.

ಎರಡನೆಯ ಸಲ ಪೌರುಷ ಬಿಟ್ಟು ಲೆಕ್ಕ ಹಾಕಿದೆ. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಾಗದ ನಿದ್ದೆ ಬೇಕು ಎನ್ನುತ್ತಾರೆ. ನನಗೆ ಏಳೂಕಾಲು ಸಾಕು ಎಂದು ಆಮೇಲೆ ಗೊತ್ತಾಯಿತು. ಏಳುವ ಹೊತ್ತನ್ನು ಐದೂಮುಕ್ಕಾಲಕ್ಕೆ ಗೂಟ ಹೊಡೆದು ಕಟ್ಟಿದೆ. ಮಲಗುವ ಹೊತ್ತಿಗೆ ಗೂಟ ಹೊಡೆಯಲಿಲ್ಲ. ಇದನ್ನು ಹೇಳಿದರೆ ಹಲವರು ನಂಬುವುದಿಲ್ಲ, ಆದರೆ ನನ್ನ ಮಟ್ಟಿಗೆ ಕೀಲಿ ತಿರುಗಿದ್ದು ಇಲ್ಲಿಯೇ. ನಿದ್ದೆಯನ್ನು ಬಾ ಎಂದರೆ ಬರುವುದಿಲ್ಲ; ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ರಾತ್ರಿ ಎಷ್ಟೇ ಕೆಟ್ಟಿರಲಿ, ಭಾನುವಾರವಿರಲಿ, ಅಮಾವಾಸ್ಯೆ ಇರಲಿ, ಐದೂಮುಕ್ಕಾಲಕ್ಕೆ ಕಾಲು ನೆಲಕ್ಕೆ. ಮೊದಲ ಹತ್ತು ದಿನ ನರಕ. ಆಮೇಲೆ ರಾತ್ರಿ ಹತ್ತಾಗುವಷ್ಟರಲ್ಲಿ ಕಣ್ಣು ತಾನಾಗಿಯೇ ಎಳೆಯತೊಡಗಿತು.

ಮಗಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. "ಅಪ್ಪಯ್ಯ, ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವುದು ಕೂಡುತ್ತಾ ಹೋಗುತ್ತದೆ, ಅದೇ ನಿದ್ದೆಯ ಭಾರ. ನೀವು ಮಧ್ಯಾಹ್ನ ಎರಡು ತಾಸು ಮಲಗಿ ಅದನ್ನು ಇಳಿಸಿಕೊಂಡರೆ ರಾತ್ರಿಗೆ ಏನು ಉಳಿಯುತ್ತದೆ?" ಎಂದಳು. ಇದರ ಜೊತೆಗೆ ಮೈಯೊಳಗೆ ಒಂದು ಗಡಿಯಾರವೂ ಇದೆಯಂತೆ. ಅದು ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಮೂವರು ಅಮೆರಿಕನ್ನರಿಗೆ, ಹಾಲ್, ರೋಸ್‌ಬಾಷ್ ಮತ್ತು ಯಂಗ್ ಅವರಿಗೆ, 2017ರಲ್ಲಿ ನೊಬೆಲ್ ಬಂತು. ನಮ್ಮ ಅಡುಗೆಮನೆಯ ಬಾಳೆಗೊನೆಗೆ ಮುತ್ತುವ ಅದೇ ಪುಟ್ಟ ನೊಣ! ಅದಕ್ಕೂ ಹೊತ್ತು ಗೊತ್ತು, ನನಗೆ ಗೊತ್ತಿಲ್ಲ.

ಆ ಗಡಿಯಾರಕ್ಕೆ ಕೀ ಕೊಡುವುದು ಬೆಳಗಿನ ಬೆಳಕು. ಇಲ್ಲಿ ಮಲೆನಾಡಿನವರ ಕಷ್ಟ ಬಯಲುಸೀಮೆಯವರಿಗೆ ಅರ್ಥವಾಗುವಂಥದ್ದಲ್ಲ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋದಂತೆ ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಹಳೆಯ ಹೆಂಚಿನ ಮನೆ, ಇಳಿಮಾಡು, ಸಣ್ಣ ಕಿಟಕಿ, ಇರಚಲು ಹೊಡೆಯದಂತೆ ಕಟ್ಟಿದ ಸೋಗೆಯ ತಟ್ಟಿ. ಹತ್ತು ಗಂಟೆಗೂ ಒಳಗೆ ಲೈಟು ಬೇಕು. ಸೂರ್ಯನೇ ಇಲ್ಲದ ಮೇಲೆ ಹೊರಗೆ ಹೋಗಿ ಏನು ಪ್ರಯೋಜನ ಎಂದು ನಾನೂ ವಾದಿಸಿದೆ. ಆದರೆ ಮೋಡ ಕವಿದ ಆಕಾಶವೂ ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುತ್ತದೆ. ಬೆಳಕನ್ನು ಅಳೆಯುವ ಮಾನ ಲಕ್ಸ್; ದೀಪ ಹಚ್ಚಿದ ಮನೆಯೊಳಗೆ ನೂರಿನ್ನೂರು ಲಕ್ಸ್ ಇದ್ದರೆ, ಮೋಡದ ದಿನವೂ ಹೊತ್ತೇರಿದ ಮೇಲೆ ಅಂಗಳದಲ್ಲಿ ಸಾವಿರಗಳ ಲೆಕ್ಕ. ನಮ್ಮ ಕಣ್ಣು ಇರುವ ಬೆಳಕಿಗೆ ಹೊಂದಿಕೊಳ್ಳುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಹಸು ನನಗೆ ಮಾಡಿಸುತ್ತಿದ್ದದ್ದು ಇದನ್ನೇ ಎಂದು ಆಗ ಹೊಳೆಯಿತು. ಒಂದೇ ಹೊತ್ತಿಗೆ ಎಬ್ಬಿಸುತ್ತಿತ್ತು, ಮಾಡಿನಿಂದ ಆಚೆಗೆ ಎಳೆಯುತ್ತಿತ್ತು, ಸಗಣಿ ಬಾಚಿಸಿ ಸೊಪ್ಪು ಹಾಕಿಸಿ ಮೈ ಬೆಚ್ಚಗೆ ಮಾಡುತ್ತಿತ್ತು. ಹಸುವಿಲ್ಲದೆ ಇದನ್ನೇ ಮಾಡಬೇಕು. ಈಗ ಎದ್ದವನು ಬಚ್ಚಲೊಲೆಗೆ ಬೆಂಕಿ ಹಾಕಿ, ಬೆಳಕು ಹರಿದ ಕೂಡಲೇ ಕೊಡೆ ಹಿಡಿದು ಬೇಲಿಯ ಬಾಗಿಲಾದ ದಣಪೆಯವರೆಗೆ, ಅಲ್ಲಿಂದ ತೋಟದ ಮೇಲಿನ ಗಡಿಯವರೆಗೆ ಹೋಗಿ ಬರುತ್ತೇನೆ. ಅರ್ಧ ಗಂಟೆ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಹತ್ತುತ್ತವೆ. ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡರೂ ಒಂದೆರಡು ಸಿಕ್ಕೇ ಸಿಗುತ್ತವೆ. ಹಳ್ಳದ ಕಡೆಯಿಂದ ಒಂದು ಕಪ್ಪು ನೀಲಿ ಹಕ್ಕಿ, ಶಾಲೆ ತಪ್ಪಿಸಿಕೊಂಡ ಹುಡುಗ ರಾಗ ಮರೆತು ಶಿಳ್ಳೆ ಹಾಕಿದ ಹಾಗೆ ಹಾಡುತ್ತದೆ. ಜನವರಿಯಲ್ಲಿ ಸೂರ್ಯ ಬರುವುದು ಏಳಕ್ಕೆ ಕೆಲವೇ ನಿಮಿಷ ಇರುವಾಗ. ಆಗ ತಿರುಗಾಟವನ್ನು ಅಷ್ಟು ಮುಂದಕ್ಕೆ ಹಾಕುತ್ತೇನೆ, ಏಳುವ ಹೊತ್ತನ್ನಲ್ಲ.

ಇನ್ನೊಂದು ಮಾತು. ಎದ್ದ ಮೊದಲ ಇಪ್ಪತ್ತು ಮೂವತ್ತು ನಿಮಿಷ ಮಂಕು ಇದ್ದೇ ಇರುತ್ತದೆ. ಒಳ್ಳೆಯ ನಿದ್ದೆ ಆದವರಿಗೂ ಇರುತ್ತದೆ. ಆ ಹೊತ್ತಿನಲ್ಲಿ "ನನಗೆ ನಿದ್ದೆ ಸಾಕಾಯಿತೇ?" ಎಂದು ಮನಸ್ಸನ್ನು ಕೇಳಿದರೆ ಅದು ಯಾವತ್ತೂ ಇಲ್ಲವೆಂದೇ ಹೇಳುತ್ತದೆ. ನಾನು ಕೇಳುವುದು ತೋಟದಿಂದ ಬಂದು ಕಾಲು ತೊಳೆದುಕೊಂಡ ಮೇಲೆ.

ಕಾಫಿಯ ವಿಷಯ ಸೂಕ್ಷ್ಮ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಎಚ್ಚರವಾಗಿ ಕುಳಿತಿರುತ್ತದೆ. ಆದರೆ ಸಂಜೆ ಒಬ್ಬರ ಮನೆಗೆ ಹೋಗಿ ಕಾಫಿ ಬೇಡವೆಂದರೆ ನಮ್ಮ ಕಡೆ ಏನೋ ಮುನಿಸಿದೆ ಎಂದೇ ಅರ್ಥ. ಜೀರಿಗೆ ಕೊತ್ತಂಬರಿ ಕಷಾಯ ಕೊಡಿ ಎಂದು ಕೇಳುವುದನ್ನು ಕಲಿತೆ. ಹೊಟ್ಟೆ ಸರಿಯಿಲ್ಲವೆಂದು ತಿಳಿದು ಮರುಕಪಡುತ್ತಾರೆ, ಪಡಲಿ.

ಕವಳ ಬಿಡುವುದು ಅದಕ್ಕಿಂತ ಕಷ್ಟವಾಯಿತು. ರಾತ್ರಿ ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಒಂದು ಎಸಳು ಹೊಗೆಸೊಪ್ಪು. ಅಪ್ಪಯ್ಯನ ಕಾಲದಿಂದ ಬಂದದ್ದು. ಜಗಿದರೆ ಹಾಯೆನಿಸುತ್ತದೆ, ಹಾಗಾಗಿ ನಿದ್ದೆಗೆ ಒಳ್ಳೆಯದೆಂದೇ ತಿಳಿದಿದ್ದೆ. ಹೊಗೆಸೊಪ್ಪಿನ ನಿಕೋಟಿನ್ ಎಚ್ಚರಿಸುವ ವಸ್ತು, ಅಡಿಕೆಯ ಅರೆಕೋಲಿನ್ ಕೂಡ ಅದೇ ಜಾತಿಯದ್ದು. ರಾತ್ರಿಯಿಡೀ ಅಡಿಕೆ ಸುಲಿಯುವವರು ನಿದ್ದೆ ತಡೆಯಲು ಕವಳ ಹಾಕುವುದನ್ನು ಹುಟ್ಟಿದಂದಿನಿಂದ ನೋಡಿದವನಿಗೆ ಇಷ್ಟು ತಿಳಿಯಲಿಲ್ಲವಲ್ಲ! ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ಸೇರಿಸಿ ಎಷ್ಟೋ ವರ್ಷವಾಗಿದೆ. ಅದನ್ನೇ ಬೆಳೆದು ಉಣ್ಣುವ ನಾನು ಈ ವಾಕ್ಯ ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ರಾತ್ರಿಯ ಕವಳ ಈಗ ಇಲ್ಲ. ಮಧ್ಯಾಹ್ನದ್ದು ಇದೆ, ಹೊಗೆಸೊಪ್ಪಿಲ್ಲದೆ.

ಹಾಸಿಗೆಯ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಹತ್ತಿಯ ಹಾಸಿಗೆ, ದಿಂಬು ಎಲ್ಲ ಥಂಡಿ ಕುಡಿದು ಬೂಸಲು ವಾಸನೆ ಹೊಡೆಯುತ್ತವೆ. ನನಗೆ ಮೂಗು ಕಟ್ಟುತ್ತಿದ್ದದ್ದು, ಬಾಯಿ ತೆರೆದು ಮಲಗಿ ಗಂಟಲು ಒಣಗಿ ಮೂರು ಗಂಟೆಗೆ ಎಚ್ಚರವಾಗುತ್ತಿದ್ದದ್ದು ಅದರಿಂದಲೇ. ಈಗ ವೈಶಾಖದ ಬಿಸಿಲಿಗೆ ಅಂಗಳದಲ್ಲಿ ಎಲ್ಲವನ್ನೂ ಒಣಹಾಕುತ್ತೇವೆ. ಮಳೆಗಾಲದಲ್ಲಿ ದಿಂಬು ಮತ್ತು ಹೊದಿಕೆಯನ್ನು ಬಚ್ಚಲೊಲೆಯ ಪಕ್ಕದ ಗಳದ ಮೇಲೆ ಹಾಕಿ ಬೆಚ್ಚಗೆ ಮಾಡಿಯೇ ತರುತ್ತೇನೆ. ತುಸು ಹೊಗೆ ವಾಸನೆ ಬರುತ್ತದೆ. ಬೂಸಲಿಗಿಂತ ಅದೇ ವಾಸಿ. ಸ್ನಾನವನ್ನೂ ಸಂಜೆಗೆ ಬದಲಾಯಿಸಿದೆ. ಮಲಗುವ ಒಂದೂವರೆ ಗಂಟೆ ಮೊದಲು ಹಂಡೆಯ ಬಿಸಿನೀರು ಹೊಯ್ದುಕೊಂಡರೆ ಆಮೇಲೆ ಮೈಯ ಒಳಗಿನ ಕಾವು ಇಳಿಯುತ್ತದೆ, ಆ ಇಳಿತವೇ ನಿದ್ದೆಯನ್ನು ಕರೆಯುತ್ತದೆ. ಊಟ ಎಂಟರೊಳಗೆ. ಇದಕ್ಕಾಗಿ ಅಮ್ಮನ ಒಂದು ಧಾರಾವಾಹಿ ಬಲಿಯಾಯಿತು, ಅದನ್ನು ಅವರು ಇನ್ನೂ ಮರೆತಿಲ್ಲ.

ಸುಗ್ಗಿಯಲ್ಲಿ ಈ ಪಟ್ಟುಗಳೆಲ್ಲ ಸಡಿಲವಾಗುತ್ತವೆ. ಅಡಿಕೆ ಗೊನೆ ಕೊಯ್ದ ದಿನ ರಾತ್ರಿ ಹನ್ನೊಂದರವರೆಗೆ ಸುಲಿಯುವುದು, ಬೆಳಿಗ್ಗೆ ಬೇಯಿಸಿ ಚಪ್ಪರಕ್ಕೆ ಹಾಕುವುದು. ಆಗಲೂ ಏಳುವುದು ಐದೂಮುಕ್ಕಾಲಕ್ಕೇ; ಕೊರತೆಯನ್ನು ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣಡ್ಡ ಮಾಡಿ ತುಂಬುತ್ತೇನೆ. ಹಾಸಿಗೆಗೆ ಹೋದರೆ ಕೆಟ್ಟೆ. ಜಗಲಿಯ ಕಂಬಕ್ಕೆ ಒರಗಿ ಕುಳಿತೇ, ಗಡಿಯಾರ ಇಟ್ಟುಕೊಂಡು, ಮಧ್ಯಾಹ್ನ ಎರಡು ಹೊಡೆಯುವ ಮೊದಲೇ.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಕ್ಕೊಂದು ಗುರುತು ಹಾಕುತ್ತೇನೆ: 'ಹ' ಎಂದರೆ ಹಗುರ, 'ಭಾ' ಎಂದರೆ ಭಾರ. ಕಳೆದ ತಿಂಗಳ ಮೂವತ್ತು ದಿನಗಳಲ್ಲಿ 'ಹ' ಇಪ್ಪತ್ತೊಂದು, 'ಭಾ' ಆರು. ಆರರಲ್ಲಿ ಎರಡು ಧಾರಣೆ ನೋಡಿದ್ದಕ್ಕೆ, ಒಂದು ಸಂಜೆ ಭಾವನ ಮನೆಯಲ್ಲಿ ಕುಡಿದ ಕಾಫಿಗೆ, ಉಳಿದ ಮೂರಕ್ಕೆ ಕಾರಣ ಸಿಗಲಿಲ್ಲ. ಮೂರು ದಿನದ ಜಾಗ ಖಾಲಿ ಇದೆ. ಆ ಮೂರು ದಿನ ಹೊಸನಗರದ ಕಡೆ ಒಂದು ಮದುವೆಮನೆಯಲ್ಲಿದ್ದೆ, ರಾತ್ರಿಯಿಡೀ ಇಸ್ಪೀಟು ನಡೆಯಿತು, ನಲವತ್ತು ರೂಪಾಯಿ ಗೆದ್ದೆ.