ಜಕ್ಕವ್ವ ಅಂದ್ರೆ ಏನರ್ಥ? ಮನೆಯ ಹಳೇ ಹೆಸರಿನ ಬೇರು ಹುಡುಕೋದು ಹೇಗೆ

ಅಣ್ಣನಿಗೆ ಮಗಳು ಹುಟ್ಟಿದಾಗ ತೊಟ್ಟಿಲಿಗೆ ಹಾಕೋ ದಿನ ಕೂಸಿನ ಕಿವೀಲಿ ಕುರ್ರ್ ಅಂತ ಹೆಸರು ಹೇಳಬೇಕಾದವಳು ನಾನು, ಸೋದರತ್ತೆ ಅಲ್ವಾ, ಹಂಗಾಗಿ ಹೆಸರು ಹುಡುಕೋ ಕೆಲಸನೂ ನನ್ನ ಹೆಗಲಿಗೇ ಬಂತು. ಮನೇಲಿ ಎಲ್ಲರೂ ಮೊಬೈಲ್ ಹಿಡ್ಕೊಂಡು ಎರಡಕ್ಷರದ ಹೆಸರು ನೋಡ್ತಾ ಕೂತಿದ್ರು, ನನ್ನ ಮನಸಲ್ಲಿ ಇದ್ದದ್ದು ಮುತ್ತಜ್ಜಿ ಹೆಸರು, ಜಕ್ಕವ್ವ. ಅತ್ತಿಗೆ ಬೇಡ ಅನ್ನಲಿಲ್ಲ, "ಹಂಗಂದ್ರ ಏನ್ ಅರ್ಥ?" ಅಂತ ಒಂದೇ ಮಾತು ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಮನೇಲಿ ಯಾರ ಹತ್ರನೂ ಇರಲಿಲ್ಲ.

ಆ ಉತ್ತರ ಹುಡುಕೋಕೆ ನಾನು ಏನೇನು ಮಾಡ್ದೆ ಅಂತ ಇಲ್ಲಿ ಬರೀತಿದೀನಿ. ನಿಮ್ಮನೇಲಿ ಇರೋ ಹೆಸರು ಬೇರೆ ಇರಬಹುದು, ಆದ್ರೆ ದಾರಿ ಇದೇ.

ಮೊದಲನೇ ಮಾತು, ಮಕ್ಕಳ ಹೆಸರಿನ ವೆಬ್‌ಸೈಟಿಂದ ಶುರು ಮಾಡ್ಬೇಡಿ. ಅಲ್ಲಿ ಯಾವ ಹೆಸರು ಹಾಕಿದ್ರೂ ಸುಂದರಿ, ದೇವರ ವರ, ಬೆಳಕು, ಇಷ್ಟರಲ್ಲೇ ಏನೋ ಒಂದು ಬರುತ್ತೆ. ಆ ಪದ ಯಾವ ಭಾಷೇದು, ಯಾವ ಮೂಲದಿಂದ ಹೇಗೆ ಬಂತು, ಯಾರಿಗೆ ಇಟ್ಟಿದ್ರು, ಈ ಮೂರರಲ್ಲಿ ಒಂದಾದ್ರೂ ಹೇಳಿದ್ರೆ ಮುಂದೆ ಓದಿ, ಇಲ್ಲಾಂದ್ರೆ ಮುಚ್ಚಿಬಿಡಿ. ಹಳೇ ಕನ್ನಡ ಹೆಸರುಗಳಂತೂ ಅಲ್ಲಿ ಸಿಗೋದೇ ಕಷ್ಟ, ಸಿಕ್ಕರೂ ಸಂಸ್ಕೃತದ ಯಾವುದೋ ಪದಕ್ಕೆ ಎಳೆದು ಕಟ್ಟಿರ್ತಾರೆ.

ಶುರು ಮಾಡಬೇಕಾದ್ದು ಮನೆಯಿಂದ. ಹಿರಿಯರಿಗೆ "ಅರ್ಥ ಏನು" ಅಂತ ಕೇಳಿದ್ರೆ "ಹಳೇ ಕಾಲದ ಹೆಸರು ಬಿಡವ್ವ" ಅಂತಾರೆ ಅಷ್ಟೇ. ಬೇರೆ ತರ ಕೇಳಿ, ಇದು ಯಾರ ಹೆಸರು, ಅವರಿಗಿಂತ ಮುಂಚೆ ಮನೇಲಿ ಯಾರಿಗಿತ್ತು, ದಿನಾ ಏನಂತ ಕರೀತಿದ್ರು, ಯಾವ ದೇವರಿಗೆ ನಡ್ಕೋತಿದ್ರು. ನಮ್ಮ ಕಡೆ ಅಜ್ಜ ಅಜ್ಜಿ ಹೆಸರು ಮೊಮ್ಮಕ್ಕಳಿಗೆ ಇಡೋ ಪದ್ಧತಿ ಇರೋದ್ರಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ತಿರುಗಿ ಬರುತ್ತೆ, ಹಂಗಾಗಿ ಮುತ್ತಜ್ಜಿ ಹೆಸರು ಆಕೆಗಿಂತ ತುಂಬಾ ಹಳೇದಿರಬಹುದು. ನಮ್ಮಜ್ಜಿ ಹೇಳಿದ್ದು ಇಷ್ಟು, "ಆಕಿಗಿ ಮನ್ಯಾಗ ಜಕ್ಕಿ ಅಂತಿದ್ರು, ನಮ್ಮವ್ವನ ಅಜ್ಜಿನೂ ಜಕ್ಕವ್ವನ". ಈ ಒಂದು ಮಾತು ಎಷ್ಟು ಬೆಲೆಬಾಳೋದು ಅಂತ ಆಗ ಗೊತ್ತಾಗಲಿಲ್ಲ.

ಕಾಗದ ಪತ್ರನೂ ನೋಡಿ, ಆದ್ರೆ ಅದರಲ್ಲಿರೋ ಕಾಗುಣಿತ ನಂಬಬೇಡಿ. ಮುತ್ತಜ್ಜಿ ಹೆಸರು ಹೊಲದ ಕಾಗದದಲ್ಲಿ ಜಕ್ಕವ್ವ, ಒಂದು ಕಚೇರಿಯಿಂದ ಬಂದ ಕಾರ್ಡಲ್ಲಿ ಚಕ್ಕವ್ವ, ಇನ್ನೊಂದು ಕಡೆ ಜಕ್ಕಮ್ಮ. ಇಂಗ್ಲಿಷಲ್ಲಿ ಒಬ್ಬರು ಕೊನೇಲಿ ಎರಡು ವಿ ಹಾಕಿದ್ರೆ ಇನ್ನೊಬ್ಬರು ಎರಡು ಡಬ್ಲ್ಯೂ ಹಾಕ್ತಾರೆ. ಎಲ್ಲಾ ರೂಪನೂ ಒಂದು ಹಾಳೇಲಿ ಬರ್ಕೊಳ್ಳಿ, ಮುಂದೆ ಹುಡುಕೋವಾಗ ಎಲ್ಲಾ ಬೇಕಾಗುತ್ತೆ. ಬೆಳಗಾವಿ ಧಾರವಾಡ ಕಡೆಯವರಾದ್ರೆ ಹಳೇ ಕಾಗದ ಮೋಡಿ ಲಿಪೀಲಿ (ಮರಾಠಿ ಬರೆಯೋಕೆ ಬಳಸ್ತಿದ್ದ ಹಳೇ ಕೂಡು ಬರಹ) ಇರೋ ಸಾಧ್ಯತೆ ಇದೆ, ಅದನ್ನ ಓದೋರನ್ನ ಹುಡುಕಬೇಕು. ನಿಮ್ಮೂರಿಗೆ ಹೆಳವರು ಬರ್ತಾರಾ ಅಂತ ಕೇಳಿ. ಎತ್ತಿನ ಮೇಲೆ ಕೂತು ಬಂದು ಮನೆಮನೆಯ ವಂಶಾವಳಿ ಹೇಳೋರು ಅವರು, ಎಷ್ಟೋ ತಲೆಮಾರಿನ ಹೆಸರು ಅವರ ಪುಸ್ತಕದಲ್ಲಿರುತ್ತೆ. ಅವರು ಬಂದ ದಿನ ಕಾಳು ಕಡಿ ಕೊಟ್ಟು ಕಳಿಸೋದಷ್ಟೇ ಅಲ್ಲ, ಕೂತು ಪೂರ್ತಿ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಇನ್ನು ಹೆಸರನ್ನ ಬಿಡಿಸೋದು. ಬಾಲ ಬೇರೆ, ತಲೆ ಬೇರೆ. ಅವ್ವ, ಅಮ್ಮ, ಅಕ್ಕ, ಅಪ್ಪ, ಅಣ್ಣ, ಅಯ್ಯ ಇವೆಲ್ಲ ಬಾಲ. ಹಳೇ ಶಾಸನದಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಅಬ್ಬೆ ಅಂತ ಬರುತ್ತೆ, ಅತ್ತಿಮಬ್ಬೆ, ಮಾಚಿಕಬ್ಬೆ ಅನ್ನೋ ತರ. ಅಬ್ಬೆ ಅಂದ್ರೂ ತಾಯಿ, ಅವ್ವೆ ಅಂದ್ರೂ ತಾಯಿ, ಅವ್ವ ಅಂದ್ರೂ ತಾಯಿ. ದಕ್ಷಿಣ ಕನ್ನಡ, ಕಾಸರಗೋಡು ಕಡೆ ಹವ್ಯಕರ ಮನೇಲಿ ಇವತ್ತಿಗೂ ಅಮ್ಮನ್ನ ಅಬ್ಬೆ ಅಂತಾನೇ ಕರೀತಾರೆ. ಹಂಗಾದ್ರೆ ನಮ್ಮ ಹೆಸರಲ್ಲಿ ಉಳಿದದ್ದು ಜಕ್ಕ. ಅರ್ಥ ಇರೋದು ಅದರೊಳಗೆ.

ಇಲ್ಲಿ ಶಾಲೇಲಿ ಬಾಯಿಪಾಠ ಮಾಡಿದ ತತ್ಸಮ ತದ್ಭವ ಕೆಲಸಕ್ಕೆ ಬರುತ್ತೆ, ನಿಜವಾಗ್ಲೂ. ಯ ಇರೋ ಕಡೆ ಜ ಬರೋದು ನಮಗೆ ಗೊತ್ತಿರೋದೇ, ಯಾತ್ರೆ ಜಾತ್ರೆ ಆಯ್ತು, ಯೋಗಿ ಜೋಗಿ ಆದ, ಯಮ ಜವ ಆದ, ಜವರಾಯ, ಜವರೇಗೌಡ ಅನ್ನೋ ಹೆಸರಲ್ಲಿರೋದು ಆ ಜವನೇ. ಯಜ್ಞ ಜನ್ನ ಆಯ್ತು, ಕವಿ ಜನ್ನನ ಹೆಸರೂ ಅದೇ. ಇನ್ನೊಂದು ಕಡೆ ಕ್ಷ ಇದ್ದದ್ದು ಕ್ಕ ಆಗುತ್ತೆ, ರಾಕ್ಷಸ ರಕ್ಕಸ, ಅಕ್ಷರ ಅಕ್ಕರ, ಪಕ್ಷಿ ಪಕ್ಕಿ ಆಗಿ ಕೊನೆಗೆ ಹಕ್ಕಿ. ಈಗ ಎರಡೂ ನಿಯಮ ಒಟ್ಟಿಗೆ ಹಚ್ಚಿ ನೋಡಿ, ಯಕ್ಷ ಅನ್ನೋದು ಜಕ್ಕ ಆಗುತ್ತೆ. ಪ್ರಾಕೃತದಲ್ಲಿ ಜಕ್ಖ, ನಮ್ಮಲ್ಲಿ ಜಕ್ಕ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ಇಂಥ ಬದಲಾವಣೆಗೆ ಅಂತಾನೇ ಅಪಭ್ರಂಶ ಪ್ರಕರಣ ಬರೆದಿದಾನೆ. ಜಕ್ಕವ್ವ ಅಂದ್ರೆ ಯಕ್ಷಿ ತಾಯಿ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆದ್ರೆ ಅಷ್ಟಕ್ಕೇ ನಿಲ್ಲಬಾರದು, ನಿಮ್ಮ ಊಹೆ ನಿಘಂಟಲ್ಲಿ ಇದೆಯಾ ನೋಡಬೇಕು. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಮೊಬೈಲಲ್ಲೇ ಬೇಕಂದ್ರೆ ಅಲರ್ ಅನ್ನೋ ಆನ್‌ಲೈನ್ ನಿಘಂಟು, ಕೊನೇಪಕ್ಷ ಎರಡು ನೋಡಿ. ಯಾಕಂದ್ರೆ ಒಂದೇ ತರ ಕೇಳೋ ಪದಕ್ಕೆ ಮೂಲ ಬೇರೆ ಇರುತ್ತೆ. ಜಕ್ಕವಕ್ಕಿ ಅನ್ನೋ ಪದ ಕಾವ್ಯದಲ್ಲಿ ಬರುತ್ತಲ್ಲ, ಅದು ಯಕ್ಷ ಅಲ್ಲ, ಚಕ್ರವಾಕ ಪಕ್ಷಿ. ನಾನೂ ಒಂದು ದಿನ ಪೂರ್ತಿ ಮುತ್ತಜ್ಜಿ ಹೆಸರು ಹಕ್ಕಿದು ಅನ್ಕೊಂಡಿದ್ದೆ. ಮತ್ತೆ ಜಕ್ಕಿಣಿ ಅನ್ನೋದು ಯಕ್ಷಿಣಿಯಿಂದಲೇ ಬಂದಿದ್ದು, ಆದ್ರೆ ಹಳ್ಳಿ ಕಡೆ ಅದಕ್ಕೆ ಸತ್ತ ಹೆಣ್ಣಿನ ಆತ್ಮ, ಕಾಡೋ ಶಕ್ತಿ ಅನ್ನೋ ಅರ್ಥ ಇದೆ. ಮನೇಲಿ ಯಾರಾದ್ರೂ ಈ ಹೆಸರು ಬೇಡ, ಜಕ್ಕಿಣಿ ನೆನಪಾಗುತ್ತೆ ಅಂದ್ರೆ ಸಿಟ್ಟಾಗಬೇಡಿ, ಅವರು ಸುಳ್ಳು ಹೇಳ್ತಿಲ್ಲ. ಒಂದೇ ಬೇರಿಂದ ಎರಡು ಕೊಂಬೆ ಬೇರೆ ಬೇರೆ ಕಡೆ ಹೋಗಿದೆ ಅಷ್ಟೇ.

ಅರ್ಥ ಸಿಕ್ಕಮೇಲೆ ಆ ಹೆಸರು ನಿಜವಾಗ್ಲೂ ಯಾರಿಗಿತ್ತು ಅಂತ ನೋಡಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಬಿ.ಎಲ್. ರೈಸ್ 1886ರಿಂದ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನಗಳ ಸಂಪುಟಗಳು ನೆಟ್ಟಲ್ಲಿ ಸ್ಕ್ಯಾನ್ ಆಗಿ ಪುಕ್ಕಟೆ ಸಿಗ್ತವೆ. ಶಾಸನ ಓದೋಕೆ ಬರಲ್ಲ ಅಂತ ಹೆದರ್ಬೇಡಿ, ಹೆಸರಿನ ಸೂಚಿ ಇದ್ದ ಕಡೆ ಮೊದಲು ಅಲ್ಲಿ ಹುಡುಕಿ, ಆಮೇಲೆ ಆ ಶಾಸನದ ಅನುವಾದ ತೆಗೀರಿ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಪರಿಷ್ಕೃತ ಸಂಪುಟ ಸಿಕ್ಕರೆ ಇನ್ನೂ ಒಳ್ಳೇದು. ಹುಡುಕೋವಾಗ ಜಕ್ಕವ್ವ ಅಂತ ಮಾತ್ರ ಹುಡುಕಿದ್ರೆ ಏನೂ ಸಿಗಲ್ಲ, ಜಕ್ಕಿ, ಜಕ್ಕಬ್ಬೆ, ಜಕ್ಕಿಯಬ್ಬೆ, ಜಕ್ಕಿಮವ್ವೆ ಅಂತ ಎಲ್ಲಾ ರೂಪದಲ್ಲೂ ನೋಡಬೇಕು.

ನನಗೆ ಸಿಕ್ಕವರಲ್ಲಿ ಮೊದಲನೆಯವಳು ಜಕ್ಕಿಯಬ್ಬೆ. 10ನೇ ಶತಮಾನದ ಶುರು, ರಾಷ್ಟ್ರಕೂಟರ ಕಾಲ, ಈಗಿನ ಶಿಕಾರಿಪುರ ತಾಲೂಕಿನ ಬಂದಳಿಕೆ ಕಡೆ. ಗಂಡ ನಾಗಾರ್ಜುನ "ನಾಗರಖಂಡ ಎಪ್ಪತ್ತು" ಅನ್ನೋ ನಾಡಿನ ನಾಳ್ಗಾವುಂಡ, ಅಂದ್ರೆ ಆ ನಾಡಿನ ಆಡಳಿತ ನೋಡೋನು. ಅವನು ತೀರಿಕೊಂಡಾಗ ಆ ಅಧಿಕಾರನ ರಾಜ ಇವಳಿಗೇ ಕೊಟ್ಟ. ಅವಳು ನಾಡನ್ನ ಚೆನ್ನಾಗಿ ಆಳಿದಳು ಅಂತ ಕಲ್ಲಲ್ಲಿ ಬರೆದಿದೆ, ಕೊನೆಗೆ ರೋಗ ಬಂದಾಗ ಮಗಳಿಗೆ ಅಧಿಕಾರ ವಹಿಸಿ ಬಂದಳಿಕೇಲಿ ಸಲ್ಲೇಖನ ವ್ರತ ಹಿಡಿದು, ಅಂದ್ರೆ ಜೈನರ ಪದ್ಧತಿಯಂತೆ ಉಪವಾಸ ಇದ್ದು, ದೇಹ ಬಿಟ್ಟಳು. ಎರಡನೆಯವಳು ಕವಿ ರನ್ನನ ಹೆಂಡತಿ ಜಕ್ಕಿ, ರನ್ನನಿಗೆ ಜಕ್ಕಿ, ಶಾಂತಿ ಅಂತ ಇಬ್ಬರು ಹೆಂಡಿರು. ಅದೇ ರನ್ನ ಆಶ್ರಯ ಕೊಟ್ಟ ಅತ್ತಿಮಬ್ಬೆಯ ಹೆಸರನ್ನ ಮಗಳಿಗೆ, ಚಾವುಂಡರಾಯನ ನೆನಪಿಗೆ ರಾಯ ಅನ್ನೋ ಹೆಸರನ್ನ ಮಗನಿಗೆ ಇಟ್ಟ, ಹೆಸರಿಡೋದರಲ್ಲಿ ಎಷ್ಟು ಪ್ರೀತಿ ಇತ್ತು ನೋಡಿ. ಮೂರನೆಯವಳು 12ನೇ ಶತಮಾನದ ಜಕ್ಕಿಮವ್ವೆ, ಹೊಯ್ಸಳ ದಂಡನಾಯಕ ಗಂಗರಾಜನ ಅಣ್ಣನ ಹೆಂಡತಿ. ಶ್ರವಣಬೆಳಗೊಳದಲ್ಲಿ ಜಕ್ಕಿಕಟ್ಟೆ ಅಂತ ಒಂದು ಸಣ್ಣ ಕೆರೆ ಇದೆ, ಅದು ಇವಳ ಹೆಸರಿಂದ. ನಾನು ಎರಡು ಸಲ ಬೆಳಗೊಳಕ್ಕೆ ಹೋಗಿ ಬೆಟ್ಟ ಹತ್ತಿ ಇಳಿದು ಬಂದಿದೀನಿ, ಆ ನೀರಿನ ಕಡೆ ತಿರುಗಿ ಸಹ ನೋಡಿರಲಿಲ್ಲ. "ಆಕಿಗಿ ಮನ್ಯಾಗ ಜಕ್ಕಿ ಅಂತಿದ್ರು" ಅಂತ ಅಜ್ಜಿ ಹೇಳಿದ್ರಲ್ಲ, ರನ್ನನ ಮನೇಲೂ ಅದೇ ಹೆಸರು.

ಇವರ ಮನೆಗಳೆಲ್ಲ ಜೈನರವು. ಜೈನರಲ್ಲಿ 24 ತೀರ್ಥಂಕರರಿಗೂ ಕಾವಲು ದೇವತೆಗಳಾಗಿ ಒಬ್ಬೊಬ್ಬ ಯಕ್ಷ, ಒಬ್ಬೊಬ್ಬ ಯಕ್ಷಿ ಇರ್ತಾರೆ, ಪಾರ್ಶ್ವನಾಥನ ಯಕ್ಷಿ ಪದ್ಮಾವತಿ, ಹೊಂಬುಜದಲ್ಲಿ ಇರೋಳು. ಯಕ್ಷಿ ಹೆಸರು ಹೆಣ್ಣುಮಕ್ಕಳಿಗೆ ಇಡೋದು ಆಗ ಸಹಜ. ಆದ್ರೆ ಇಲ್ಲಿ ಒಂದು ಎಚ್ಚರಿಕೆ, ಮನೇಲಿ ಜಕ್ಕವ್ವ ಇದ್ದ ಮಾತ್ರಕ್ಕೆ ನಮ್ಮ ಪೂರ್ವಿಕರು ಜೈನರು ಅಂತ ತೀರ್ಮಾನ ಮಾಡ್ಬೇಡಿ. ಹೆಸರು ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ನಡ್ಕೊಂಡು ಹೋಗುತ್ತೆ. ತಮಿಳುನಾಡಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಪಾಳೇಗಾರ ಕಟ್ಟಬೊಮ್ಮನ ಕುಲದೇವತೆ ಹೆಸರೂ ಜಕ್ಕಮ್ಮ. ಹಂಗೇ ಜಕ್ಕೂರು, ಜಕ್ಕಸಂದ್ರ, ಗದಗ ಜಿಲ್ಲೆಯ ಜಕ್ಕಲಿ, ಇಂಥ ಊರುಗಳನ್ನೂ ಬರೀ ಶಬ್ದ ಕೇಳಿ ಒಂದೇ ದಾರಕ್ಕೆ ಪೋಣಿಸಬೇಡಿ, ಆ ಊರಿನ ಶಾಸನ ಇದ್ರೆ ಅದನ್ನ ನೋಡಿ ಆಮೇಲೆ ಮಾತಾಡಿ.

ಈಗ ಎಷ್ಟು ಜನಕ್ಕೆ ಈ ಹೆಸರಿದೆ ಅನ್ನೋದು. ಅಮೆರಿಕದಲ್ಲಿ 1880ರಿಂದ ಈಚಿನ ಹೆಸರಿನ ಲೆಕ್ಕ ಸರ್ಕಾರನೇ ಕೊಡುತ್ತೆ (ವರ್ಷಕ್ಕೆ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲಿ ಬರಲ್ಲ, ಅಲ್ಲಿರೋ ಕನ್ನಡದವರು ಮಗಳ ಹೆಸರು ಕಾಣಲಿಲ್ಲ ಅಂತ ಬೇಜಾರಾಗೋದು ಬೇಡ), ನಮ್ಮಲ್ಲಿ ಆ ತರ ಪಟ್ಟಿ ಇಲ್ಲ. ಹಂಗಾಗಿ ಇಂತಿಷ್ಟನೇ ಸ್ಥಾನದಲ್ಲಿರೋ ಹೆಸರು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಾವು ಮಾಡಬಹುದಾದ್ದು ಮತದಾರರ ಪಟ್ಟಿ ನೋಡೋದು, ಮತಗಟ್ಟೆ ಪ್ರಕಾರ ಕನ್ನಡದಲ್ಲೇ ಸಿಗುತ್ತೆ, ಹೆಸರಿನ ಪಕ್ಕ ವಯಸ್ಸೂ ಇರುತ್ತೆ. ವಯಸ್ಸು ಮುಖ್ಯ. ನಮ್ಮೂರಿನ ಪಟ್ಟೀಲಿ ನಾನು ಒಂದು ಸಂಜೆ ಕೂತು ನೋಡಿದೆ, ಜಕ್ಕವ್ವಂದಿರು ಮೂರು ಜನ, ಮೂವರೂ ಎಪ್ಪತ್ತು ದಾಟಿದವರು. ಹೆಸರು ಕಡಿಮೆ ಇದೆ ಅನ್ನೋದಕ್ಕಿಂತ ಮೇಲಿಂದ ಕೆಳಗೆ ಇಳೀತಿಲ್ಲ ಅನ್ನೋದು ಅಲ್ಲಿ ಕಾಣುತ್ತೆ. ಬೇರೆಯವರ ವಿವರ ಎಲ್ಲೂ ಹಾಕ್ಬೇಡಿ, ಎಣಿಸಿ ಮುಚ್ಚಿಡಿ.

ಕೊನೇದಾಗಿ ಹೆಸರು ಬರೆಸೋದು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದ್ರೆ ಹೆಸರು ಆಗಲೇ ಇರಲೇಬೇಕು ಅಂತಿಲ್ಲ, 12 ತಿಂಗಳೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೂ ತಡದ ಶುಲ್ಕ ಕಟ್ಟಿ ಸೇರಿಸೋಕಾಗುತ್ತೆ. ಹಂಗಾಗಿ ಅವಸರಕ್ಕೆ ಸಿಕ್ಕ ಹೆಸರು ಬರೆಸಬೇಡಿ, ಹುಡುಕೋಕೆ ಟೈಮ್ ಇದೆ. ಬರೆಸೋ ದಿನ ಹೆಸರನ್ನ ಕನ್ನಡದಲ್ಲೂ ಇಂಗ್ಲಿಷಲ್ಲೂ ದೊಡ್ಡಕ್ಷರದಲ್ಲಿ ಚೀಟೀಲಿ ಬರೆದು ಕೊಡಿ, ಬಾಯಲ್ಲಿ ಹೇಳಿದ್ರೆ ಜಕ್ಕ ಹೋಗಿ ಚಕ್ಕ ಆಗುತ್ತೆ. ಅತ್ತಿಗೆಗೆ ಬಂದಳಿಕೆಯ ಕಥೆ ಹೇಳಿದಾಗ ಅವರು ಕೇಳಿದ್ದು, "ಅಧಿಕಾರ ಮಗಳಿಗೇ ಕೊಟ್ಲಾ?" ಅಂತ. ಹೌದು ಅಂದೆ. ಕೂಸಿನ ಕಿವೀಲಿ ನಾನು ಹೇಳಿದ್ದು ಜಕ್ಕಿಯಬ್ಬೆ ಅಂತ, ಮನೇಲಿ ಎಲ್ಲರೂ ಕರೆಯೋದು ಜಕ್ಕಿ.